ಸಿ-ಪ್ಯಾಪ್ ಯಂತ್ರಕ್ಕೆ ಹೀಟೆಡ್ ಟ್ಯೂಬ್ ಬೇಕೇ? ದುಡ್ಡು ಕೊಡುವ ಮುನ್ನ ನೋಡಬೇಕಾದದ್ದು



ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯ ಇದೆಯೆಂದು ವೈದ್ಯರು ಹೇಳಿ ಸಿ-ಪ್ಯಾಪ್ ಯಂತ್ರ ಬರೆದುಕೊಟ್ಟ ಮೇಲೆ, ಅಂಗಡಿಯಲ್ಲಿ ಯಂತ್ರದ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: "ಹೀಟೆಡ್ ಟ್ಯೂಬ್ ಕೂಡ ಹಾಕಿಬಿಡಲೇ?" ಹಾಕಿಸಿದರೆ ಕೆಲವು ಸಾವಿರ ರೂಪಾಯಿ ಹೆಚ್ಚು. ಬೇಡವೆಂದರೆ ಏನೋ ಕಳೆದುಕೊಂಡೆವೇನೋ ಎಂಬ ಅಳುಕು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಉದಕಮಂಡಲದಿಂದ ಅಕ್ಕಲಕೋಟೆಯವರೆಗೆ ಚದುರಿರುವ ನಮ್ಮ ಸದಸ್ಯರಿಗೆ ಒಂದೇ ಉತ್ತರವೂ ಹೊಂದುವುದಿಲ್ಲ. ಆದ್ದರಿಂದ ವಿಷಯವನ್ನು ಒಂದು ಕಡೆ ಬರೆದಿಡುವುದು ಉಪಯುಕ್ತವೆಂದು ನಮಗೆ ತೋರಿತು.

ನಾವು ವೈದ್ಯರಲ್ಲ. ಯಂತ್ರದ ಒತ್ತಡ ಎಷ್ಟಿರಬೇಕು, ಯಾವ ಬಗೆಯ ಯಂತ್ರ ಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಟ್ಯೂಬಿನ ಪ್ರಶ್ನೆ ಮಾತ್ರ ಬೇರೆ. ಅದಕ್ಕೆ ಉತ್ತರ ಬಹುಪಾಲು ನಮ್ಮ ಮಲಗುವ ಕೋಣೆಯಲ್ಲೇ ಇದೆ.

ಕಾಯಿಲೆ ಮತ್ತು ಯಂತ್ರ

ನಿದ್ರೆ ಬಂದಾಗ ಗಂಟಲಿನ ಮೆದು ಭಾಗಗಳು ಸಡಿಲವಾಗುತ್ತವೆ. ಕೆಲವರಲ್ಲಿ ಅವು ಕುಸಿದು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತವೆ. ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅದನ್ನು ಒಂದು ಘಟನೆ ಎಂದು ಲೆಕ್ಕ ಹಾಕುತ್ತಾರೆ. ಉಸಿರು ಪೂರ್ತಿ ನಿಲ್ಲದೆ ತೀರ ಕಡಿಮೆಯಾಗಿ ರಕ್ತದ ಆಮ್ಲಜನಕ ಇಳಿದರೂ ಲೆಕ್ಕಕ್ಕೆ ಸೇರಿಸುತ್ತಾರೆ. ಗಂಟೆಗೆ ಇಂಥವು 5ರಿಂದ 15 ಇದ್ದರೆ ಸೌಮ್ಯ, 15ರಿಂದ 30 ಇದ್ದರೆ ಮಧ್ಯಮ, 30ಕ್ಕಿಂತ ಹೆಚ್ಚಾದರೆ ತೀವ್ರ. ನಿದ್ರೆಯ ಪರೀಕ್ಷೆಯ ವರದಿಯಲ್ಲಿ ಎ.ಎಚ್.ಐ. ಎಂದು ಬರೆದಿರುವ ಸಂಖ್ಯೆ ಇದೇ.

1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು, ಮೂಗಿನ ಮೂಲಕ ನಿರಂತರ ಒತ್ತಡದ ಗಾಳಿ ಕೊಟ್ಟರೆ ಈ ದಾರಿ ಮುಚ್ಚುವುದಿಲ್ಲ ಎಂದು ತೋರಿಸಿಕೊಟ್ಟರು. ಇಂದಿನ ಸಿ-ಪ್ಯಾಪ್ ಯಂತ್ರದ ಮೂಲ ಅದೇ. ಯಂತ್ರ ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ವೈದ್ಯರು ನಿಗದಿ ಮಾಡಿದಷ್ಟರಲ್ಲಿ, ಟ್ಯೂಬು ಮತ್ತು ಮಾಸ್ಕಿನ ಮೂಲಕ ಮೂಗಿಗೆ ಕಳಿಸುತ್ತದೆ. ಅದು ಆಮ್ಲಜನಕದ ಯಂತ್ರವಲ್ಲ. ಇದನ್ನು ಮನೆಯವರಿಗೂ ತಿಳಿಸಿಡುವುದು ಒಳ್ಳೆಯದು.

ಈ ಚಿಕಿತ್ಸೆಯಲ್ಲಿ ದೊಡ್ಡ ಸಮಸ್ಯೆ ಯಂತ್ರ ಕೆಡುವುದಲ್ಲ, ಯಂತ್ರ ಅಟ್ಟ ಸೇರುವುದು. ಮೂಗು ಒಣಗಿತು, ಗಂಟಲು ಕೆರೆಯಿತು, ಮಾಸ್ಕಿನೊಳಗೆ ನೀರು ತೊಟ್ಟಿಕ್ಕಿತು ಎಂದು ಮೊದಲ ಒಂದೆರಡು ತಿಂಗಳಲ್ಲೇ ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ಹಗಲು ತೂಕಡಿಕೆ, ಏರುವ ರಕ್ತದೊತ್ತಡ, ಹೃದಯದ ಮೇಲಿನ ಹೊರೆ ಎಲ್ಲವೂ ಮರಳುತ್ತವೆ. ಗಾಡಿ ಓಡಿಸುವವರಿಗಂತೂ ತೂಕಡಿಕೆ ಪ್ರಾಣಕ್ಕೇ ಅಪಾಯ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ ಆಗಬಾರದು. ಹೀಟೆಡ್ ಟ್ಯೂಬನ್ನು ಈ ದೃಷ್ಟಿಯಿಂದ ನೋಡಬೇಕು: ಯಂತ್ರವನ್ನು ಬಿಡದಂತೆ ಅದು ನಮಗೆ ಸಹಾಯ ಮಾಡುತ್ತದೆಯೇ, ಇಲ್ಲವೇ?

ಟ್ಯೂಬಿನಲ್ಲಿ ನೀರು ಏಕೆ ಕಟ್ಟುತ್ತದೆ

ಒತ್ತಡದ ಗಾಳಿ ರಾತ್ರಿಯಿಡೀ ಬೀಸಿದರೆ ಮೂಗು ಒಣಗುತ್ತದೆ. ಅದಕ್ಕಾಗಿ ಯಂತ್ರಕ್ಕೆ ಹ್ಯುಮಿಡಿಫೈಯರ್ ಇರುತ್ತದೆ. ಸಣ್ಣ ನೀರಿನ ತೊಟ್ಟಿ, ಅದರ ಅಡಿಯಲ್ಲಿ ಕಾಯುವ ತಟ್ಟೆ. ಗಾಳಿ ಆ ಬೆಚ್ಚಗಿನ ನೀರಿನ ಮೇಲೆ ಹಾದು ತೇವ ಹೊತ್ತುಕೊಂಡು ಹೊರಡುತ್ತದೆ.

ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರುತ್ತದೆ, ತಣ್ಣನೆಯ ಗಾಳಿ ಕಡಿಮೆ ಹೊರುತ್ತದೆ. ಒಂದು ಘನ ಮೀಟರ್ ಗಾಳಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 26 ಗ್ರಾಂ ನೀರಿನ ಆವಿ ಹಿಡಿದುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ, 15 ಡಿಗ್ರಿಯಲ್ಲಿ 13 ಗ್ರಾಂ, 10 ಡಿಗ್ರಿಯಲ್ಲಿ 9 ಗ್ರಾಂ ಮಾತ್ರ. ತೊಟ್ಟಿಯಿಂದ 27 ಡಿಗ್ರಿಯಲ್ಲಿ 22 ಗ್ರಾಂ ತೇವ ಹೊತ್ತು ಹೊರಟ ಗಾಳಿ, ಸುಮಾರು 6 ಅಡಿ ಉದ್ದದ ಟ್ಯೂಬಿನಲ್ಲಿ ಹಾಯುವಾಗ 15 ಡಿಗ್ರಿಗೆ ತಣಿದರೆ, 9 ಗ್ರಾಂನಷ್ಟು ಹೊರೆಯನ್ನು ದಾರಿಯಲ್ಲೇ ಇಳಿಸಬೇಕಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವ ಹಾಗೆಯೇ ಇದು. ಯಂತ್ರ ಮಾರುವವರು ಇದಕ್ಕೆ ರೇನ್‌ಔಟ್ ಎನ್ನುತ್ತಾರೆ.

ಹೀಗಾದಾಗ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ಮೂಗಿಗೆ ಮುಟ್ಟಬೇಕಾದ ತೇವ ಟ್ಯೂಬಿನಲ್ಲೇ ಉಳಿಯುತ್ತದೆ. ಉಳಿದ ನೀರು ಗುಳುಗುಳು ಸದ್ದು ಮಾಡುತ್ತ ನಡುರಾತ್ರಿ ಮಾಸ್ಕಿಗೆ ಇಳಿದು ಮುಖಕ್ಕೆ ತಣ್ಣಗೆ ತಗಲುತ್ತದೆ. ನೀರು ಬರುತ್ತದೆಂದು ತೇವದ ಸಂಖ್ಯೆ ಇಳಿಸಿದರೆ ಮೂಗು ಒಣಗುತ್ತದೆ. ಮೂಗು ಒಣಗಿತೆಂದು ಏರಿಸಿದರೆ ಮತ್ತೆ ನೀರು. ಈ ತಿಕ್ಕಾಟದಲ್ಲಿ ಸಿಕ್ಕಿಕೊಂಡವರಿಗಾಗಿಯೇ ಹೀಟೆಡ್ ಟ್ಯೂಬ್ ಇರುವುದು.

ಹೀಟೆಡ್ ಟ್ಯೂಬ್ ಮಾಡುವುದೇನು, ಮಾಡದಿರುವುದೇನು

ಇದರ ಗೋಡೆಯೊಳಗೆ ಸಣ್ಣ ತಂತಿ ಸುರುಳಿಯಾಗಿ ಓಡಿರುತ್ತದೆ. ಯಂತ್ರದಿಂದ ಬರುವ ವಿದ್ಯುತ್ತಿನಿಂದ ಅದು ಬೆಚ್ಚಗಾಗಿ, ಗಾಳಿ ಮಾಸ್ಕಿನ ತನಕ ತಣಿಯದಂತೆ ನೋಡಿಕೊಳ್ಳುತ್ತದೆ. ಉದಾಹರಣೆಗೆ, ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಯಂತ್ರಕ್ಕೆ ಬರುವ ಕ್ಲೈಮೇಟ್‌ಲೈನ್‌ಏರ್ ಟ್ಯೂಬಿನಲ್ಲಿ ಉಷ್ಣತೆಯನ್ನು 16ರಿಂದ 30 ಡಿಗ್ರಿಯವರೆಗೆ ಇಟ್ಟುಕೊಳ್ಳಬಹುದು. ಆರಂಭದಲ್ಲಿ ಅದು 27ರಲ್ಲಿ ಇರುತ್ತದೆ. ಆಟೊ ಎಂದು ಇಟ್ಟರೆ ಯಂತ್ರವೇ ಗಾಳಿಯ ತೇವವನ್ನು ಶೇ. 85ರ ಆಸುಪಾಸಿನಲ್ಲಿ ಕಾಯ್ದುಕೊಳ್ಳುತ್ತದೆ.

ಅಂದರೆ ಟ್ಯೂಬು ತಾನಾಗಿ ತೇವ ಕೊಡುವುದಿಲ್ಲ. ತೇವ ಕೊಡುವುದು ನೀರಿನ ತೊಟ್ಟಿ. ಟ್ಯೂಬು ಅದನ್ನು ದಾರಿಯಲ್ಲಿ ಚೆಲ್ಲದೆ ತಲುಪಿಸುತ್ತದೆ, ಅಷ್ಟೆ. ನೀರು ಕಟ್ಟೀತೆಂಬ ಭಯವಿಲ್ಲದೆ ತೇವದ ಸಂಖ್ಯೆಯನ್ನು ಏರಿಸಲು ಸಾಧ್ಯವಾಗುವುದೇ ಅದರ ನಿಜವಾದ ಲಾಭ.

ಕೆಲವು ದೂರುಗಳಿಗೆ ಇದು ಪರಿಹಾರವಲ್ಲ. ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿ ತೆರೆದು ಮಲಗುವವರಲ್ಲಿ ಗಾಳಿ ಮೂಗಿನಿಂದ ಹೋಗಿ ಬಾಯಿಂದ ಸೋರುತ್ತದೆ. ಅವರಿಗೆ ಎಷ್ಟು ತೇವ ಕೊಟ್ಟರೂ ಬೆಳಿಗ್ಗೆ ಬಾಯಿ ಒಣಗಿಯೇ ಇರುತ್ತದೆ. ಅಲ್ಲಿ ಬೇಕಾದದ್ದು ಮೂಗಿನ ತಡೆಗೆ ಚಿಕಿತ್ಸೆ, ಇಲ್ಲವೇ ಬಾಯಿಯನ್ನೂ ಮುಚ್ಚುವ ಮಾಸ್ಕ್. ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣು ಉರಿಯುತ್ತಿದ್ದರೆ ಅದು ಅಳತೆಯ ತಪ್ಪು. ಒತ್ತಡ ಹೆಚ್ಚೆನಿಸಿದರೆ ಅದು ವೈದ್ಯರ ವಿಷಯ. ಇವುಗಳಿಗೆಲ್ಲ ಹೀಟೆಡ್ ಟ್ಯೂಬ್ ಕೊಂಡರೆ ದುಡ್ಡು ದಂಡ.

ಬಿಸಿ ತೇವದಿಂದ ಮೂಗು ಗಂಟಲು ಒಣಗುವ ದೂರು ಕಡಿಮೆಯಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2006ರ ತನ್ನ ಮಾರ್ಗಸೂಚಿಯಲ್ಲಿ ಯಂತ್ರದ ಬಳಕೆ ಹೆಚ್ಚಿಸಲು ಬಿಸಿ ಹ್ಯುಮಿಡಿಫೈಯರ್ ಸೇರಿಸಬೇಕೆಂದು ಶಿಫಾರಸು ಮಾಡಿತು. ಗಮನಿಸಿ, ಅದು ಹೇಳಿದ್ದು ಹ್ಯುಮಿಡಿಫೈಯರ್ ಬಗ್ಗೆ. ಹೀಟೆಡ್ ಟ್ಯೂಬ್ ಹಾಕಿದ್ದರಿಂದ ಉಸಿರು ಕಟ್ಟುವುದು ಕಡಿಮೆಯಾಗುವುದಿಲ್ಲ. ಆ ಕೆಲಸ ಒತ್ತಡದ್ದು. ಟ್ಯೂಬು ಸೌಕರ್ಯದ ವಸ್ತು. ಆದರೆ ಸೌಕರ್ಯವಿಲ್ಲದೆ ಯಂತ್ರ ಮೂಲೆ ಸೇರುವುದಾದರೆ, ಆ ಸೌಕರ್ಯವೂ ಚಿಕಿತ್ಸೆಯ ಭಾಗವೇ.

ಊರಿಗೊಂದು ಹವೆ

ಆದ್ದರಿಂದ ಮೊದಲ ಪ್ರಶ್ನೆ: ಬೆಳಗಿನ ಜಾವ ನಿಮ್ಮ ಮಲಗುವ ಕೋಣೆ ಎಷ್ಟು ತಣ್ಣಗಿರುತ್ತದೆ? ನಮ್ಮ ಸದಸ್ಯರ ಊರುಗಳನ್ನು ನಾಲ್ಕು ಗುಂಪು ಮಾಡಿ ನೋಡಬಹುದು.

ನೀಲಗಿರಿ ಮತ್ತು ವಯನಾಡಿನ ಎತ್ತರದ ಭಾಗ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್, ಕೂನೂರು ಸುಮಾರು 1,850 ಮೀಟರ್ ಎತ್ತರದಲ್ಲಿವೆ. ಡಿಸೆಂಬರ್-ಜನವರಿಯಲ್ಲಿ ಉದಕಮಂಡಲದ ಬಯಲಿನಲ್ಲಿ ಹಿಮ ಬೀಳುವ ರಾತ್ರಿಗಳಿರುತ್ತವೆ. ಕೋಣೆಯೊಳಗೂ ಚಳಿ ಕಡಿಮೆಯಿರುವುದಿಲ್ಲ. ಇಲ್ಲಿ ಹೀಟೆಡ್ ಟ್ಯೂಬ್ ವರ್ಷದ ಬಹುಪಾಲು ಕೆಲಸ ಮಾಡುತ್ತದೆ. ಕೊಂಡರೆ ನಷ್ಟವಾಗುವ ಸಂಭವ ಕಡಿಮೆ. ವಯನಾಡಿನ ಬಹುಭಾಗ 700 ಮೀಟರಿಗಿಂತ ಮೇಲಿದ್ದರೂ ಊರಿಂದ ಊರಿಗೆ ವ್ಯತ್ಯಾಸವಿದೆ. ಅಲ್ಲಿಯವರು ಕೆಳಗೆ ಹೇಳಿರುವ ಏಳು ರಾತ್ರಿಯ ಲೆಕ್ಕ ಬರೆದು ನೋಡಿ ತೀರ್ಮಾನಿಸಲಿ.

ಕಾಸರಗೋಡು ಮತ್ತು ಗೋವಾ ಕರಾವಳಿ. ಕೋಣೆ ಬೆಚ್ಚಗೆ, ಗಾಳಿಯಲ್ಲೇ ಬೇಕಾದಷ್ಟು ತೇವ. ಕರಾವಳಿಯಲ್ಲಿ ಹಲವರಿಗೆ ಹ್ಯುಮಿಡಿಫೈಯರನ್ನೇ ಕಡಿಮೆ ಸಂಖ್ಯೆಯಲ್ಲಿಟ್ಟರೆ ಸಾಕಾಗುತ್ತದೆ. ಇಲ್ಲಿ ಹೀಟೆಡ್ ಟ್ಯೂಬಿಗೆ ಸಾಮಾನ್ಯವಾಗಿ ಕೆಲಸವಿಲ್ಲ. ಒಂದೇ ಒಂದು ಅಪವಾದ ಏ.ಸಿ. ಅದನ್ನು 18-20 ಡಿಗ್ರಿಗೆ ಇಟ್ಟು ಮಲಗಿದರೆ ಕಾಸರಗೋಡಿನ ಕೋಣೆಯೂ ನೀಲಗಿರಿಯ ಕೋಣೆಯೇ. ಅಂಥವರು ಏ.ಸಿ.ಯನ್ನು 25-26ಕ್ಕೆ ಏರಿಸಿ ನೋಡುವುದು ಮೊದಲ ಕೆಲಸ. ಅದಕ್ಕೆ ಖರ್ಚಿಲ್ಲ, ವಿದ್ಯುತ್ ಬಿಲ್ಲೂ ಇಳಿಯುತ್ತದೆ.

ಹೊಸೂರು, ತಾಳವಾಡಿ, ಮಡಕಶಿರಾ ಕಡೆ. ಚಳಿಗಾಲದ ಒಂದೆರಡು ತಿಂಗಳು ಬೆಳಗಿನ ಜಾವ ಹಿತವಾಗಿಯೋ ತುಸು ಹೆಚ್ಚಾಗಿಯೋ ತಣ್ಣಗಿರುತ್ತದೆ, ಉಳಿದಂತೆ ಬೆಚ್ಚಗೆ. ಆ ಒಂದೆರಡು ತಿಂಗಳಿಗೆ ಟ್ಯೂಬಿನ ಮೇಲೊಂದು ಬಟ್ಟೆಯ ಗವಸು ಬಹುಮಟ್ಟಿಗೆ ಸಾಕು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗ, ಪಶ್ಚಿಮ ತೆಲಂಗಾಣ. ಒಣ ಬಯಲು. ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುವ ನಾಡು. ಇಲ್ಲಿ ಮೂಗು ಒಣಗುವುದು ನಿಜ, ಆದರೆ ಅದಕ್ಕೆ ಮದ್ದು ಹ್ಯುಮಿಡಿಫೈಯರೇ ಹೊರತು ಹೀಟೆಡ್ ಟ್ಯೂಬ್ ಅಲ್ಲ. ಕೋಣೆಯೇ 32 ಡಿಗ್ರಿ ಇರುವಾಗ, ಹೆಚ್ಚೆಂದರೆ 30 ಡಿಗ್ರಿಗೆ ಕಾಯುವ ಟ್ಯೂಬಿಗೆ ಮಾಡಲು ಕೆಲಸವೇ ಇರುವುದಿಲ್ಲ. ಏರ್‌ಕೂಲರಿನ ತಣ್ಣನೆಯ ಗಾಳಿ ನೇರವಾಗಿ ಟ್ಯೂಬಿಗೆ ಬಡಿಯುತ್ತಿದ್ದರೆ ಮಾತ್ರ ಹನಿ ಕಟ್ಟಬಹುದು. ಕೂಲರನ್ನು ತುಸು ತಿರುಗಿಸಿದರೆ ಆಯಿತು. ಡಿಸೆಂಬರಿನ ರಾತ್ರಿಗಳಿಗೆ ಹೊಸೂರಿನವರಿಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ.

ಖರ್ಚಿಲ್ಲದೆ ಮೊದಲು ಮಾಡಬೇಕಾದದ್ದು

ಒಂದು, ಯಂತ್ರವನ್ನು ಮಲಗುವ ತಲೆಗಿಂತ ಕೆಳಗೆ, ಸಮತಟ್ಟಾದ ಗಟ್ಟಿ ಮಣೆ ಅಥವಾ ಸ್ಟೂಲಿನ ಮೇಲೆ ಇಡಿ. ಕಟ್ಟಿದ ನೀರು ಆಗ ಮುಖದ ಕಡೆಗೆ ಇಳಿಯುವುದಿಲ್ಲ. ಗೋಡೆಯ ಗೂಡಿನಲ್ಲೋ ಕಪಾಟಿನ ಮೇಲೋ ಇಡುವುದು ತಪ್ಪು.

ಎರಡು, ಟ್ಯೂಬು ನೆಲದ ಮೇಲೆ, ಕಿಟಕಿಯ ಪಕ್ಕದಲ್ಲಿ, ಫ್ಯಾನಿನ ನೇರಕ್ಕೆ ಬಿದ್ದಿರದಂತೆ ನೋಡಿಕೊಳ್ಳಿ. ನಡುವೆ ಜೋತುಬಿದ್ದು ಹಳ್ಳವಾದರೆ ಅಲ್ಲೇ ನೀರು ನಿಲ್ಲುತ್ತದೆ.

ಮೂರು, ಸಾದಾ ಟ್ಯೂಬಿಗೆ ಬಟ್ಟೆಯ ಗವಸು ಹಾಕಿ. ಹಳೆಯ ಸ್ವೆಟರಿನ ತೋಳನ್ನೋ ಉಣ್ಣೆಯ ಶಾಲನ್ನೋ ಉದ್ದಕ್ಕೆ ಹೊಲಿದರೆ ಸಾಕು. ಯಂತ್ರ ಗಾಳಿ ಎಳೆಯುವ ಜಾಗಕ್ಕೂ ಮಾಸ್ಕಿನಲ್ಲಿ ಗಾಳಿ ಹೊರಹೋಗುವ ಸಣ್ಣ ರಂಧ್ರಗಳಿಗೂ ಬಟ್ಟೆ ಅಡ್ಡ ಬರಬಾರದು. ಆ ರಂಧ್ರಗಳಿಂದಲೇ ನಾವು ಬಿಟ್ಟ ಉಸಿರು ಹೊರಗೆ ಹೋಗುವುದು. ಈ ಉಪಾಯ ಸಾದಾ ಟ್ಯೂಬಿಗೆ ಮಾತ್ರ. ಹೀಟೆಡ್ ಟ್ಯೂಬಿನ ಮೇಲೆ, ಕಂಪನಿಯ ಕೈಪಿಡಿ ಒಪ್ಪದೆ ಏನನ್ನೂ ಸುತ್ತಬೇಡಿ.

ನಾಲ್ಕು, ತೇವದ ಸಂಖ್ಯೆಯನ್ನು ಒಂದೊಂದೇ ಇಳಿಸಿ ನೋಡಿ. ಏರ್‌ಸೆನ್ಸ್ 10ರಲ್ಲಿ ಅದು 1ರಿಂದ 8ರವರೆಗೆ ಇದೆ. ಒಂದೇ ರಾತ್ರಿ 6ರಿಂದ 2ಕ್ಕೆ ಇಳಿಸಿದರೆ ಏನೂ ತಿಳಿಯುವುದಿಲ್ಲ. ಈ ಸಂಖ್ಯೆಯನ್ನು ನಾವೇ ಬದಲಿಸಬಹುದು. ಒತ್ತಡವನ್ನು ಮಾತ್ರ ಮುಟ್ಟಬಾರದು.

ಏಳು ರಾತ್ರಿಯ ಲೆಕ್ಕ

ಗುಮಾಸ್ತಿಕೆ ಮಾಡಿದ ಕೈಗೆ ಲೆಕ್ಕ ಬರೆಯದೆ ಸಮಾಧಾನವಿಲ್ಲ. ಆದರೆ ಇಲ್ಲಿ ಲೆಕ್ಕ ನಿಜಕ್ಕೂ ಹಣ ಉಳಿಸುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಆರು ಅಂಕಣ ಎಳೆಯಿರಿ: ತಾರೀಖು, ಎದ್ದಾಗ ಕೋಣೆಯ ಉಷ್ಣತೆ, ತೇವದ ಸಂಖ್ಯೆ, ಟ್ಯೂಬಿನಲ್ಲಿ ನೀರು ಇತ್ತೇ, ಮೂಗು ಅಥವಾ ಬಾಯಿ ಒಣಗಿತ್ತೇ, ಯಂತ್ರ ಎಷ್ಟು ಗಂಟೆ ಓಡಿತು. ಗೋಡೆಗೆ ಹಾಕುವ ಸಾಧಾರಣ ಥರ್ಮಾಮೀಟರ್ ಸಾಕು. ಓಡಿದ ಗಂಟೆಯನ್ನು ಯಂತ್ರದ ಪರದೆಯೇ ತೋರಿಸುತ್ತದೆ. ಮೇಲಿನ ನಾಲ್ಕು ಉಪಾಯ ಮಾಡಿದ ನಂತರ ಏಳು ರಾತ್ರಿ ಬರೆಯಿರಿ. ಬೇಸಿಗೆಯಲ್ಲಿ ಬರೆದ ಲೆಕ್ಕ ಚಳಿಗಾಲಕ್ಕೆ ಸಲ್ಲದು. ನಿಮ್ಮ ಊರಿನ ಅತಿ ತಣ್ಣನೆಯ ತಿಂಗಳಲ್ಲಿ ಬರೆಯುವುದು ಮೇಲು.

ಲೆಕ್ಕ ಓದುವುದು ಹೀಗೆ. ನೀರೂ ಇಲ್ಲ, ಒಣಗುವುದೂ ಇಲ್ಲ ಎಂದಾದರೆ ಏನೂ ಕೊಳ್ಳಬೇಡಿ. ನೀರಿಲ್ಲ ಆದರೆ ಮೂಗು ಒಣಗಿದೆ ಎಂದಾದರೆ ತೇವದ ಸಂಖ್ಯೆ ಏರಿಸಿ. ಹ್ಯುಮಿಡಿಫೈಯರ್ ಇಲ್ಲದ ಯಂತ್ರವಾದರೆ ಮೊದಲು ಅದನ್ನು ವಿಚಾರಿಸಿ. ಮೂಗು ಸರಿಯಿದ್ದು ಬಾಯಿ ಮಾತ್ರ ಒಣಗಿದ್ದರೆ ಮಾಸ್ಕನ್ನು ತೋರಿಸಿ. ಕೋಣೆ ತಣ್ಣಗಿದ್ದು, ಸಂಖ್ಯೆ ಏರಿಸಿದರೆ ನೀರು, ಇಳಿಸಿದರೆ ಒಣಮೂಗು ಎಂದು ಏಳರಲ್ಲಿ ನಾಲ್ಕೈದು ರಾತ್ರಿ ಬಂದರೆ, ಗವಸು ಹಾಕಿದರೂ ಬಂದರೆ, ಹೀಟೆಡ್ ಟ್ಯೂಬ್ ಕೊಳ್ಳಲು ಸರಿಯಾದ ಕಾರಣ ನಿಮ್ಮ ಕೈಯಲ್ಲಿದೆ.

ಕೊನೆಯ ಅಂಕಣವನ್ನೂ ನೋಡಿ. ವಾರದ ಬಹುಪಾಲು ರಾತ್ರಿ ಕನಿಷ್ಠ 4 ಗಂಟೆ ಬಳಸಿದ್ದಾರೆಯೇ ಎಂಬುದನ್ನು ವೈದ್ಯರು ಸಾಮಾನ್ಯವಾಗಿ ಮೊದಲ ಅಳತೆಯಾಗಿ ನೋಡುತ್ತಾರೆ. ಹೆಚ್ಚು ಬಳಸಿದಷ್ಟೂ ಲಾಭ ಹೆಚ್ಚು. ನೀರು ಬಂದ ರಾತ್ರಿಗಳಲ್ಲೇ ಗಂಟೆ ಕಡಿಮೆಯಾಗಿದ್ದರೆ ಟ್ಯೂಬಿನ ಖರ್ಚು ಸಾರ್ಥಕ. ನೀರು ಬಂದರೂ ಬಾರದಿದ್ದರೂ ಗಂಟೆ ಅಷ್ಟೇ ಇದ್ದರೆ ಯಂತ್ರ ತೆಗೆದಿಡಲು ಬೇರೆ ಕಾರಣವಿದೆ. ಅದನ್ನು ಹುಡುಕಬೇಕು.

ಕೊಳ್ಳುವಾಗ

ಹೀಟೆಡ್ ಟ್ಯೂಬಿಗೆ ಯಂತ್ರದ ಕಡೆಯ ತುದಿಯಲ್ಲಿ ವಿದ್ಯುತ್ ಸಂಪರ್ಕ ಇರುತ್ತದೆ. ಅದು ಯಂತ್ರಕ್ಕೊಂದು ಬಗೆ. ಏರ್‌ಸೆನ್ಸ್ 10ರ ಟ್ಯೂಬು ಏರ್‌ಸೆನ್ಸ್ 11ಕ್ಕೆ ಹೊಂದುವುದಿಲ್ಲ. ಒಂದು ಕಂಪನಿಯದು ಇನ್ನೊಂದಕ್ಕೆ ಬರುವುದಿಲ್ಲ. ಹೀಟೆಡ್ ಟ್ಯೂಬನ್ನು ಒಪ್ಪದ ಯಂತ್ರಗಳೂ ಇವೆ. ಪ್ರಯಾಣಕ್ಕೆಂದು ಮಾರುವ ಪುಟ್ಟ ಏರ್‌ಮಿನಿ ಅಂಥದು, ಅದರಲ್ಲಿ ಕಾಯುವ ನೀರಿನ ತೊಟ್ಟಿಯೇ ಇಲ್ಲ. ಆದ್ದರಿಂದ ಯಂತ್ರದ ಅಡಿಯಲ್ಲಿರುವ ಮಾಡೆಲ್ ಹೆಸರನ್ನು ಕಾಗದದಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗಿ. ಯಂತ್ರ ಇನ್ನೂ ಕೊಂಡಿಲ್ಲದವರು, ಈಗ ಸಾದಾ ಟ್ಯೂಬು ಸಾಕು, ಮುಂದೆ ಬೇಕಾದರೆ ಹೀಟೆಡ್ ಹಾಕಬಹುದು ಎನ್ನುವಂಥ ಮಾಡೆಲ್ ಆರಿಸಿಕೊಂಡರೆ ಎರಡೂ ದಾರಿ ತೆರೆದಿರುತ್ತದೆ.

ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಸಾದಾ ಟ್ಯೂಬಿಗಿಂತ ಹೀಟೆಡ್ ಟ್ಯೂಬ್ ಹಲವು ಪಟ್ಟು ದುಬಾರಿ. ಎರಡು ಕಡೆಯಾದರೂ ಲಿಖಿತ ಕೊಟೇಶನ್ ಪಡೆಯಿರಿ. ಟ್ಯೂಬು ಒಮ್ಮೆ ಕೊಂಡರೆ ಮುಗಿಯುವ ವಸ್ತುವಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಳಸುತ್ತ ಬಳಸುತ್ತ ಅದು ಬಿರಿಯುತ್ತದೆ. ಸುಮಾರು 6 ತಿಂಗಳಿಗೊಮ್ಮೆ ಬದಲಿಸಿ ಎಂದು ಕಂಪನಿಗಳು ಹೇಳುವುದುಂಟು. ಚೆನ್ನಾಗಿ ನೋಡಿಕೊಂಡರೆ ಹೆಚ್ಚು ಕಾಲ ಬಾಳುವುದೂ ಉಂಟು. ಯಂತ್ರದ ವಾರಂಟಿ ಬೇರೆ, ಟ್ಯೂಬಿನದು ಬೇರೆ, ಟ್ಯೂಬಿನದು ಸಾಮಾನ್ಯವಾಗಿ ಕಡಿಮೆ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

ಗಡಿನಾಡಿನವರಿಗೆ ಇನ್ನೊಂದು ಮಾತು. ಕಾಸರಗೋಡಿನವರು ಮಂಗಳೂರಿಗೆ, ಹೊಸೂರಿನವರು ಬೆಂಗಳೂರಿಗೆ, ರಾಯದುರ್ಗದವರು ಬಳ್ಳಾರಿಗೆ ಚಿಕಿತ್ಸೆಗೆ ಹೋಗುವುದು ಹೊಸದಲ್ಲ. ಅಲ್ಲಿ ಕೊಂಡ ಯಂತ್ರಕ್ಕೆ ನಮ್ಮ ಊರಿನಲ್ಲಿ ಸರ್ವಿಸ್ ಯಾರು ಮಾಡುತ್ತಾರೆ, ಬಿಡಿಭಾಗ ಅಂಚೆಯಲ್ಲಿ ಬರುತ್ತದೆಯೇ ಎಂದು ಹಣ ಕೊಡುವ ಮೊದಲು ಕೇಳಿ. ಪಿಂಚಣಿದಾರರು ಸರ್ಕಾರಿ ಆರೋಗ್ಯ ಯೋಜನೆಯಲ್ಲೋ ವಿಮೆಯಲ್ಲೋ ಮರುಪಾವತಿ ಕೇಳುವುದಾದರೆ, ಕೊಳ್ಳುವ ಮುನ್ನವೇ ಅನುಮತಿ ಬೇಕೇ, ಯಂತ್ರದ ಜೊತೆ ಟ್ಯೂಬೂ ಸೇರುತ್ತದೆಯೇ ಎಂದು ಬರಹದಲ್ಲಿ ವಿಚಾರಿಸಿ. ಸಾಧ್ಯವಿದ್ದರೆ ವೈದ್ಯರ ಚೀಟಿಯಲ್ಲೇ ಹೀಟೆಡ್ ಟ್ಯೂಬ್ ಎಂದು ಕಾರಣಸಹಿತ ಬರೆಸಿಕೊಳ್ಳಿ. ನಿಮ್ಮ ಏಳು ರಾತ್ರಿಯ ಲೆಕ್ಕ ಅಲ್ಲಿಗೂ ಉಪಯೋಗಕ್ಕೆ ಬರುತ್ತದೆ.

ಎತ್ತರದ ಊರಿನವರು ಯಂತ್ರ ಎಷ್ಟು ಎತ್ತರದವರೆಗೆ ಕೆಲಸ ಮಾಡುತ್ತದೆ ಎಂಬುದನ್ನೂ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಏರ್‌ಸೆನ್ಸ್ 10ಕ್ಕೆ ಅದು 2,591 ಮೀಟರ್. ಉದಕಮಂಡಲ ಅದರೊಳಗೇ ಬರುತ್ತದೆ.

ಕರೆಂಟು ಹೋದಾಗ

ಗಾಳಿ ಊದುವುದಕ್ಕೆ ಬೇಕಾದ ವಿದ್ಯುತ್ ಕಡಿಮೆ. ನೀರು ಕಾಯಿಸುವುದಕ್ಕೂ ಟ್ಯೂಬು ಕಾಯಿಸುವುದಕ್ಕೂ ಬೇಕಾಗುವುದು ಹೆಚ್ಚು. ಏರ್‌ಸೆನ್ಸ್ 10ರ ಜೊತೆ ಬರುವ ಅಡಾಪ್ಟರ್ 90 ವ್ಯಾಟಿನದು. ಮನೆಯ ಇನ್ವರ್ಟರಿನಲ್ಲಿ ಓಡಿಸುವವರು, ದೀರ್ಘಕಾಲ ಕರೆಂಟು ಹೋಗುವ ಊರಿನವರು, ಬ್ಯಾಟರಿಯಲ್ಲಿ ನಡೆಸುವಾಗ ಹ್ಯುಮಿಡಿಫೈಯರ್ ಮತ್ತು ಟ್ಯೂಬಿನ ಕಾವನ್ನು ಆರಿಸಿದರೆ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತದೆ. ಒಂದು ರಾತ್ರಿ ಮೂಗು ಒಣಗಿದರೆ ಹಾನಿಯಿಲ್ಲ. ಯಂತ್ರ ನಿಲ್ಲುವುದಕ್ಕಿಂತ ಅದು ಮೇಲು.

ನೀರು ಮತ್ತು ಶುಚಿ

ತೊಟ್ಟಿಗೆ ಔಷಧದ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರು ಉತ್ತಮ. ಬ್ಯಾಟರಿಗೆ ಹಾಕುವ ನೀರು ಬೇಡ, ಅದನ್ನು ಉಸಿರಾಟಕ್ಕೆಂದು ತಯಾರಿಸಿರುವುದಿಲ್ಲ. ಬೋರ್‌ವೆಲ್ ನೀರಿನ ಊರುಗಳಲ್ಲಿ ತೊಟ್ಟಿಯ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀಲಗಿರಿ ಎಣ್ಣೆ, ಪುದೀನ ಎಣ್ಣೆ, ನೆಗಡಿಯ ಮುಲಾಮು ಮೊದಲಾದವನ್ನು ತೊಟ್ಟಿಗೆ ಹಾಕುವ ಆಸೆ ನಮ್ಮ ಮನೆಗಳಲ್ಲಿ ಸಹಜ. ಖಂಡಿತ ಹಾಕಬಾರದು. ಅವು ಶ್ವಾಸಕೋಶಕ್ಕೂ ಒಳ್ಳೆಯದಲ್ಲ, ಯಂತ್ರಕ್ಕೂ ಒಳ್ಳೆಯದಲ್ಲ.

ಬೆಳಿಗ್ಗೆ ಉಳಿದ ನೀರು ಚೆಲ್ಲಿ ತೊಟ್ಟಿಯನ್ನು ಒಣಗಿಸಿ, ರಾತ್ರಿ ಹೊಸ ನೀರು ತುಂಬಿ. ಯಂತ್ರವನ್ನು ಎತ್ತಿ ಬೇರೆಡೆ ಇಡುವಾಗ ತೊಟ್ಟಿ ಖಾಲಿಯಿರಬೇಕು. ಟ್ಯೂಬನ್ನು ವಾರಕ್ಕೊಮ್ಮೆ ಉಗುರು ಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ತೊಳೆದು, ಚೆನ್ನಾಗಿ ಜಾಲಿಸಿ, ನೆರಳಿನಲ್ಲಿ ನೇತುಹಾಕಿ. ಬಿಸಿಲಿಗೆ ಹಾಕಿದರೆ ಗಡಸಾಗಿ ಬಿರಿಯುತ್ತದೆ. ಕುದಿಯುವ ನೀರು, ಬ್ಲೀಚಿಂಗ್, ಸ್ಪಿರಿಟ್ ಬೇಡ. ಹೀಟೆಡ್ ಟ್ಯೂಬಾದರೆ ತುದಿಯ ವಿದ್ಯುತ್ ಸಂಪರ್ಕ ಪೂರ್ತಿ ಒಣಗಿದ ಮೇಲೆಯೇ ಜೋಡಿಸಬೇಕು. ತಂತಿ ಕಂಡರೆ, ಟ್ಯೂಬು ಸೀಳಿದ್ದರೆ, ಸುಟ್ಟ ವಾಸನೆ ಬಂದರೆ ಆ ಕ್ಷಣ ಬಿಟ್ಟುಬಿಡಿ. ಗಮ್ ಟೇಪು ಸುತ್ತಿ ನಡೆಸುವ ವಸ್ತು ಅದಲ್ಲ.

ಇಷ್ಟೆಲ್ಲ ಮಾಡಿದರೂ ಹೀಟೆಡ್ ಟ್ಯೂಬು ಹಾಕಿದವರಿಗೆ ಮಾಸ್ಕಿನೊಳಗೆ ಒಂದೆರಡು ಹನಿ ಕಂಡೀತು. ಕಾವು ಟ್ಯೂಬಿನ ತುದಿಗೆ ಮುಗಿಯುತ್ತದೆ, ಮಾಸ್ಕಿಗೆ ಕಾವಿಲ್ಲ. ಟ್ಯೂಬಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿ ಅಥವಾ ತೇವವನ್ನು ಒಂದು ಸಂಖ್ಯೆ ಇಳಿಸಿ ನೋಡಿ. ಗಾಳಿ ಸೆಕೆ ಎನಿಸಿದರೆ ಉಷ್ಣತೆ ಇಳಿಸಿ.

ಯಾವಾಗ ವೈದ್ಯರ ಬಳಿ ಹೋಗಬೇಕು

ಪದೇ ಪದೇ ಮೂಗಿನಲ್ಲಿ ರಕ್ತ, ಬಿಡದ ಮೂಗು ಕಟ್ಟುವಿಕೆ, ಕಿವಿ ನೋವು, ಯಂತ್ರ ಹಾಕಿದರೂ ಹಗಲು ತೂಕಡಿಕೆ, ಪರದೆಯಲ್ಲಿ ಎ.ಎಚ್.ಐ. ಇಳಿಯದೆ ಇರುವುದು, ಇವುಗಳಲ್ಲಿ ಯಾವುದಿದ್ದರೂ ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿ ಹೋಗಿ. ಹಳೆಯ ಸೀನು-ನೆಗಡಿಯ ಬಾಧೆ ಇರುವವರಿಗೂ ಹೆಚ್ಚು ಒತ್ತಡದ ಗಾಳಿ ಬೇಕಾದವರಿಗೂ ಹೆಚ್ಚು ತೇವ ಬೇಕಾಗಬಹುದು. ಅಂಥವರಿಗೆ ಊರು ಅಷ್ಟೇನೂ ತಣ್ಣಗಿರದಿದ್ದರೂ ಹೀಟೆಡ್ ಟ್ಯೂಬ್ ಉಪಯುಕ್ತವಾದೀತು. ಅವರು ವೈದ್ಯರನ್ನು ಕೇಳಿ ತೀರ್ಮಾನಿಸಲಿ.

ಒಟ್ಟಾರೆ ನಮ್ಮ ಅಭಿಪ್ರಾಯ

ನೀಲಗಿರಿಯ ಎತ್ತರದಲ್ಲಿರುವವರು, ಏ.ಸಿ. ತಣ್ಣಗೆ ಇಟ್ಟುಕೊಳ್ಳಲೇಬೇಕಾದವರು, ತೇವ ಹೆಚ್ಚು ಬೇಕಾದವರು ಕೊಳ್ಳಬಹುದು. ಕರಾವಳಿಯವರಿಗೂ ಬಯಲುಸೀಮೆಯವರಿಗೂ ಹೆಚ್ಚಾಗಿ ಬೇಕಿಲ್ಲ. ನಡುವಿನ ಊರುಗಳವರು ಒಂದು ಚಳಿಗಾಲ ಗವಸಿನಲ್ಲಿ ಕಳೆದು ನೋಡಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿಗೂ ಹೊಂದುತ್ತದೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಮೇಲೆ ಹ್ಯುಮಿಡಿಫೈಯರ್, ಕೊನೆಗೆ ಹೀಟೆಡ್ ಟ್ಯೂಬ್ ಎಂಬ ಕ್ರಮದಲ್ಲಿ ಖರ್ಚು ಮಾಡಿ. ಯಾವುದನ್ನು ಕೊಂಡರೂ ಬಿಟ್ಟರೂ ಯಂತ್ರವನ್ನು ಮಾತ್ರ ಬಿಡಬೇಡಿ.

ಸದಸ್ಯರು ತಮ್ಮ ಏಳು ರಾತ್ರಿಯ ಲೆಕ್ಕವನ್ನು, ಊರಿನ ಹೆಸರು ಮತ್ತು ತಿಂಗಳು ಬರೆದು, ಸಂಘಕ್ಕೆ ಕಳಿಸಿದರೆ ಅದೇ ಊರಿನ ಇತರರಿಗೆ ಅನುಕೂಲವಾಗುತ್ತದೆ. ಹೆಸರು, ಕಾಯಿಲೆಯ ವಿವರ ಬರೆಯುವ ಅಗತ್ಯವಿಲ್ಲ. ಯಂತ್ರದ ಮಾಡೆಲ್, ಕೋಣೆಯ ಉಷ್ಣತೆ, ನೀರು ಬಂತೇ ಇಲ್ಲವೇ, ಇಷ್ಟು ಸಾಕು.

ಎಲ್ಲರಿಗೂ ಒಳ್ಳೆಯ ನಿದ್ರೆ ಬರಲಿ.

— ಕಾರ್ಯದರ್ಶಿ